ದವಡೆ ಹಿಡಿದುಕೊಂಡರೆ

ಬಾಯಿ ತೆರೆಯುವುದು, ಬಾಯಿ ಮುಚ್ಚುವುದು: ಇದಕ್ಕಿಂತ ಸುಲಭವಾದ ಕೆಲಸ ಲೋಕದಲ್ಲಿ ಮತ್ತೊಂದಿಲ್ಲವೆಂದೇ ಎಲ್ಲರ ಭಾವನೆ. ಹುಟ್ಟಿದ ಕೂಸು ಮೊದಲು ಮಾಡುವ ಕಾರ್ಯವೇ ಬಾಯಿ ತೆರೆದು ಅಳುವುದು. ಆ ಗಳಿಗೆಯಿಂದ ಕೊನೆಯ ಉಸಿರಿನವರೆಗೆ ಮಾತು, ಊಟ, ನಗು, ಆಕಳಿಕೆ ಎಂದು ಕೆಳದವಡೆಗೆ ವಿರಾಮವೆಂಬುದೇ ಇಲ್ಲ. ಯಾರೂ ಅದನ್ನು ನೆನೆಯುವುದೂ ಇಲ್ಲ. ಆದರೆ ಒಂದು ದಿನ ಊಟಕ್ಕೆ ಕುಳಿತಾಗ ರಾಗಿಮುದ್ದೆಯ ತುತ್ತು ತುಟಿಯ ಬಳಿ ಬಂದರೂ ಬಾಯಿ ತೆರೆಯದೆ ಹೋದರೆ? ಆಗ ಮನೆಯವರೆಲ್ಲರೂ ಗಾಬರಿಯಾಗುತ್ತಾರೆ. ಒಬ್ಬರು ಹಲ್ಲುನೋವೆನ್ನುತ್ತಾರೆ, ಒಬ್ಬರು ವಾಯುವೆನ್ನುತ್ತಾರೆ, ಮತ್ತೊಬ್ಬರು ದೃಷ್ಟಿಯಾಗಿದೆಯೆನ್ನುತ್ತಾರೆ.

ದವಡೆ ಹಿಡಿದುಕೊಳ್ಳುವುದು ಒಂದು ರೋಗವಲ್ಲ. ಅದು ಹಲವು ರೋಗಗಳ ಲಕ್ಷಣ. ಅವುಗಳಲ್ಲಿ ಕೆಲವು ನಾಲ್ಕು ದಿನ ಬಿಸಿಶಾಖ ಕೊಟ್ಟರೆ ತಾವಾಗಿಯೇ ಇಳಿಯುವಂಥವು. ಕೆಲವು ವರ್ಷಗಟ್ಟಲೆ ಸದ್ದಿಲ್ಲದೆ ಬೆಳೆದು ಬಾಯನ್ನು ಕಟ್ಟಿಹಾಕುವಂಥವು. ಒಂದೆರಡು ಮಾತ್ರ ಕೆಲವೇ ದಿನಗಳಲ್ಲಿ ಪ್ರಾಣವನ್ನು ಒಯ್ಯುವಂಥವು. ಯಾವುದು ಯಾವುದೆಂದು ಗುರುತಿಸುವ ತಿಳಿವಳಿಕೆ ಪ್ರತಿಯೊಂದು ಮನೆಯಲ್ಲಿಯೂ ಇರಬೇಕಾದುದು ಅವಶ್ಯಕ.

ಮೂರು ಬೆರಳಿನ ಅಳತೆ

ಕಿವಿಯ ಮುಂದೆ ಬೆರಳಿಟ್ಟು ಬಾಯಿ ತೆರೆದು ಮುಚ್ಚಿದರೆ, ಚರ್ಮದ ಕೆಳಗೆ ಸಣ್ಣ ಗುಬುಟೊಂದು ಚಲಿಸುವುದು ತಿಳಿಯುತ್ತದೆ. ಅದೇ ದವಡೆಯ ಕೀಲು. ಮೊಣಕೈ ಕೀಲು ಬಾಗಿಲಿನ ತಿರುಗಣಿಯಂತೆ ಒಂದೇ ಬಗೆಯಲ್ಲಿ ಆಡುತ್ತದೆ. ದವಡೆಯ ಕೀಲು ಹಾಗಲ್ಲ. ಬಾಯಿ ತೆರೆಯುವಾಗ ಅದು ಮೊದಲು ತಿರುಗುತ್ತದೆ, ಅನಂತರ ತನ್ನ ಗುಳಿಯಿಂದ ಮುಂದಕ್ಕೆ ಜಾರುತ್ತದೆ. ಮೂಳೆಗೂ ಮೂಳೆಗೂ ಉಜ್ಜಾಟವಾಗದಂತೆ ನಡುವೆ ಮೆತ್ತನೆಯ ಬಿಲ್ಲೆಯೊಂದು ಇದೆ. ಬಲಗಡೆಯ ಕೀಲು, ಎಡಗಡೆಯ ಕೀಲು ಎರಡೂ ಒಂದೇ ನೊಗಕ್ಕೆ ಕಟ್ಟಿದ ಜೋಡೆತ್ತುಗಳಂತೆ ಸರಿಸಮನಾಗಿ ಸಾಗಬೇಕು; ಒಂದು ನಿಂತರೆ ಗದ್ದ ಆ ಕಡೆಗೆ ಓರೆಯಾಗುತ್ತದೆ.

ಅಗಿಯುವ ಸ್ನಾಯುಗಳು ಮುಖ್ಯವಾಗಿ ನಾಲ್ಕು ಜೊತೆ. ಅವುಗಳಲ್ಲಿ ಮೂರು ಜೊತೆ ಬಾಯನ್ನು ಮುಚ್ಚುವಂಥವು. ಮುಚ್ಚುವ ಬಲವು ತೆರೆಯುವ ಬಲಕ್ಕಿಂತ ಎಷ್ಟೋ ಹೆಚ್ಚು. ಆದುದರಿಂದಲೇ ಈ ಸ್ನಾಯುಗಳೆಲ್ಲ ಒಟ್ಟಿಗೆ ಸೆಟೆದುಕೊಂಡರೆ ಹಲ್ಲು ಕಚ್ಚಿಕೊಳ್ಳುತ್ತದೆಯೇ ಹೊರತು ಬಾಯಿ ತೆರೆದುಕೊಳ್ಳುವುದಿಲ್ಲ.

ಪ್ರಾಯಕ್ಕೆ ಬಂದವರಲ್ಲಿ ಮೇಲಿನ ಮತ್ತು ಕೆಳಗಿನ ಮುಂದಲೆ ಹಲ್ಲುಗಳ ನಡುವೆ ಸಾಧಾರಣವಾಗಿ 40ರಿಂದ 50 ಮಿಲಿಮೀಟರು ತೆರಪು ಬರಬೇಕು. ಇದನ್ನು ಅಳೆಯಲು ಯಾವ ಉಪಕರಣವೂ ಬೇಡ. ತನ್ನ ತೋರುಬೆರಳು, ನಡುಬೆರಳು, ಉಂಗುರಬೆರಳು ಮೂರನ್ನೂ ಜೋಡಿಸಿ, ಒಂದರ ಮೇಲೊಂದು ಬರುವಂತೆ ನಿಲ್ಲಿಸಿ ಬಾಯಿಗೆ ಹಿಡಿದರೆ ಅವು ಒಳಗೆ ಹೋಗಬೇಕು. ಎರಡೇ ಬೆರಳು ಹಿಡಿಸಿದರೆ ಎಚ್ಚರ ವಹಿಸಬೇಕು. ಒಂದೇ ಬೆರಳಾದರೆ ವೈದ್ಯರ ಬಳಿಗೆ ಹೋಗಲು ತಡಮಾಡಬಾರದು.

ನಂಜೆಂಬ ಮಾತಿನ ಅರ್ಥ

ಕಪಿಲಾ ನದಿಯ ದಡದ ನಂಜನಗೂಡಿಗೆ ಆ ಹೆಸರು ಬಂದುದು ವಿಷವನ್ನು ಉಂಡ ನಂಜುಂಡನಿಂದ. ಟಿಪ್ಪುಸುಲ್ತಾನನ ಆನೆಯ ಕಣ್ಣುಬೇನೆ ಈ ದೇವರ ಸನ್ನಿಧಿಯಲ್ಲಿ ವಾಸಿಯಾಯಿತೆಂದೂ, ಅಂದಿನಿಂದ ಸುಲ್ತಾನನು ಈತನನ್ನು ಹಕೀಮ್ ನಂಜುಂಡನೆಂದು ಕರೆದನೆಂದೂ ಪ್ರತೀತಿಯುಂಟು. ರೋಗ ವಾಸಿಯಾಗಲೆಂದು ಹರಕೆ ಹೊತ್ತು ಬಂದು ಉರುಳುಸೇವೆ ಮಾಡುವವರು ಇಂದಿಗೂ ಅಲ್ಲಿ ಕಾಣಸಿಗುತ್ತಾರೆ.

ಕನ್ನಡದಲ್ಲಿ ನಂಜೆಂದರೆ ವಿಷ. ಗಾಯ ಕೆಟ್ಟು ಬಾತಾಗಲೂ ಹಳ್ಳಿಯ ಜನ ‘ನಂಜಾಯಿತು’ ಎಂದೇ ಹೇಳುತ್ತಾರೆ. ದವಡೆ ಹಿಡಿಯುವ ರೋಗಗಳಲ್ಲೆಲ್ಲ ಅತಿ ಭಯಂಕರವಾದ ಧನುರ್ವಾಯುವಿನ ವಿಷಯದಲ್ಲಿ ಈ ಮಾತು ಅಕ್ಷರಶಃ ನಿಜ. ಇಲ್ಲಿ ಗಾಯದೊಳಗೆ ಕುಳಿತ ಸೂಕ್ಷ್ಮಜೀವಿಯೊಂದು ನಿಜವಾಗಿಯೂ ವಿಷವನ್ನು ತಯಾರಿಸುತ್ತದೆ.

ನಂಜನಗೂಡು, ತಿರುಮಕೂಡಲು ನರಸೀಪುರಗಳ ಸುತ್ತಿನದು ನಾಲೆಯ ನೀರಿನ ನಾಡು. ಭತ್ತದ ಗದ್ದೆ, ಕಬ್ಬಿನ ತೋಟಗಳ ನಾಡು. ಗೊಬ್ಬರ ಹಾಕಿದ ಮಣ್ಣಿನಲ್ಲಿ ಬರಿಗಾಲಿನಲ್ಲಿ ಕೆಲಸ ಮಾಡುವವರು ಬಹಳ. ಅಂಥ ಮನೆಯೊಂದರಲ್ಲಿ ಇಂತಹ ಮಾತು ನಡೆಯಿತೆಂದು ಊಹಿಸಿಕೊಳ್ಳಬಹುದು:

“ಯಾಕ್ಲಾ ಮಗ, ಉಣ್ಣದೆ ಹಂಗೇ ಕುಂತಿದ್ದೀಯೆ?”

“ಬಾಯಿ ಬುಡಕ್ಕೇ ಆಯ್ತಿಲ್ಲ ಕಣವ್ವ. ಬೆಳಗ್ಗಿಂದ ದವಡೆ ಹಿಡ್ಕೊಂಡದೆ.”

“ಹಲ್ಲುನೋವಿರಬೇಕು. ಒಂದು ಲವಂಗ ಇಟ್ಕೊ, ನಾಳೀಕೆ ಸರಿಹೋಯ್ತದೆ.”

“ಹಲ್ಲು ನೋಯ್ತಿಲ್ಲವ್ವ. ಕತ್ತೂ ಬಿಗಿದಂಗಾಗದೆ.”

ಹತ್ತು ದಿನಗಳ ಹಿಂದೆ ಗದ್ದೆಯ ಬದುವಿನಲ್ಲಿ ಕಾಲಿಗೆ ಮುಳ್ಳು ನಾಟಿದುದು ತಾಯಿಗೂ ನೆನಪಿಲ್ಲ, ಮಗನಿಗೂ ನೆನಪಿಲ್ಲ. ಅಪಾಯವಿರುವುದು ಅಲ್ಲಿಯೇ. ಧನುರ್ವಾಯುವಿನ ಸೂಕ್ಷ್ಮಜೀವಿಯು ಮಣ್ಣಿನಲ್ಲಿ, ದನಕುದುರೆಗಳ ಸಗಣಿ ಲದ್ದಿಗಳಲ್ಲಿ ಬೀಜರೂಪದಲ್ಲಿ ವರ್ಷಗಟ್ಟಲೆ ಬದುಕಿರುತ್ತದೆ. ಗಾಳಿ ತಾಗದ ಆಳವಾದ ಗಾಯ ಸಿಕ್ಕರೆ ಅಲ್ಲಿ ಮೊಳೆಯುತ್ತದೆ. ಮುಳ್ಳು, ಮೊಳೆ, ಕುಡುಗೋಲಿನ ತುದಿ ಮಾಡಿದ ಸಣ್ಣ ತೂತೇ ಅದಕ್ಕೆ ಸಾಕು. ಸಾಮಾನ್ಯವಾಗಿ 3ರಿಂದ 21 ದಿನಗಳೊಳಗೆ ರೋಗ ತಲೆದೋರುತ್ತದೆ. ಅಷ್ಟರಲ್ಲಿ ಗಾಯ ಮಾಯ್ದು ಹೋಗಿರಲೂಬಹುದು.

ಈ ವಿಷದ ಉಗ್ರತೆಯನ್ನು ತಿಳಿಯಲು ನರಸೀಪುರದ ಗುಲಗಂಜಿಯೇ ಸಾಕು. ಕಾವೇರಿ ಕಪಿಲೆಯರು ಕೂಡುವ ಆ ಕ್ಷೇತ್ರದ ದೇವರು ಗುಂಜಾನರಸಿಂಹ. ಆತನ ಬೆರಳುಗಳ ನಡುವೆ ಗುಲಗಂಜಿ. ಕಾಶಿಗಿಂತ ಈ ಕ್ಷೇತ್ರ ಒಂದು ಗುಲಗಂಜಿ ತೂಕ ಹೆಚ್ಚೆಂದು ಜನರ ನಂಬಿಕೆ. ಅಕ್ಕಸಾಲಿಗನ ತಕ್ಕಡಿಯಲ್ಲಿ ಒಂದು ಗುಲಗಂಜಿಯೆಂದರೆ ಸುಮಾರು 120 ಮಿಲಿಗ್ರಾಂ. ವೈದ್ಯಶಾಸ್ತ್ರದ ಅಂದಾಜಿನ ಮೇಲೆ ಲೆಕ್ಕ ಹಾಕಿದರೆ, ಅಷ್ಟು ತೂಕದ ಶುದ್ಧ ಧನುರ್ವಾಯು ವಿಷವು ಲಕ್ಷಾಂತರ ಮಂದಿಯ ಪ್ರಾಣಕ್ಕೆ ಸಾಕಾಗುತ್ತದೆ. ಒಬ್ಬ ರೋಗಿಯ ಮೈಯಲ್ಲಿ ಉತ್ಪತ್ತಿಯಾಗುವ ವಿಷ ಎಷ್ಟು ಅಲ್ಪವೆಂದರೆ, ರೋಗ ಬಂದು ಬದುಕಿ ಉಳಿದವರ ದೇಹವೂ ಅದನ್ನೆದುರಿಸುವ ಶಕ್ತಿಯನ್ನು ಪಡೆಯುವುದಿಲ್ಲ. ಗುಣವಾದ ಮೇಲೂ ಅವರಿಗೆ ಲಸಿಕೆ ಹಾಕಲೇಬೇಕು.

ಮೊದಲು ದವಡೆ ಬಿಗಿಯುತ್ತದೆ. ತರುವಾಯ ಕತ್ತು, ಬೆನ್ನು, ಹೊಟ್ಟೆಗಳ ಸ್ನಾಯುಗಳು ಸೆಟೆಯುತ್ತವೆ. ಮುಖದ ಸ್ನಾಯುಗಳು ಎಳೆದುಕೊಂಡು, ನೋಡುವವರಿಗೆ ವಿಕಟವಾಗಿ ನಕ್ಕಂತೆ ತೋರುತ್ತದೆ. ಸಣ್ಣ ಸದ್ದಿಗೆ, ಬೆಳಕಿಗೆ, ಕೈ ತಾಗಿದ ಮಾತ್ರಕ್ಕೆ ಮೈಯೆಲ್ಲ ಬಿಲ್ಲಿನಂತೆ ಬಾಗುತ್ತದೆ. ಧನುಸ್ಸಿನ ಹೆಸರು ಈ ರೋಗಕ್ಕೆ ಬಂದುದು ಇದರಿಂದಲೇ. ಇಷ್ಟೆಲ್ಲ ಯಾತನೆಯ ನಡುವೆಯೂ ರೋಗಿಗೆ ಪೂರ್ಣ ಪ್ರಜ್ಞೆಯಿರುತ್ತದೆ. ಉಸಿರಾಟದ ಸ್ನಾಯುಗಳು ಸೆಟೆದಾಗ ಪ್ರಾಣಕ್ಕೆ ಕುತ್ತು.

1884ರಲ್ಲಿ ನಿಕೊಲಾಯರ್ ಎಂಬ ಜರ್ಮನ್ ವಿಜ್ಞಾನಿ ಈ ಜೀವಿಯನ್ನು ಗುರುತಿಸಿದನು. 1889ರಲ್ಲಿ ಜಪಾನಿನ ಕಿಟಸಾಟೊ ಅದನ್ನು ಪ್ರತ್ಯೇಕಿಸಿ ಬೆಳೆಸಿದನು. ಮರುವರ್ಷವೇ ಆತನೂ ಬೇರಿಂಗನೂ ಸೇರಿ ಈ ವಿಷಕ್ಕೆ ಪ್ರತಿವಿಷ ಸಾಧ್ಯವೆಂದು ತೋರಿಸಿಕೊಟ್ಟರು. ಇಂದು ಮಕ್ಕಳಿಗೆ 6, 10, 14ನೆಯ ವಾರಗಳಲ್ಲಿ, ಬಳಿಕ ಒಂದೂವರೆ ವರ್ಷದ ಸುಮಾರಿಗೆ, 5-6ನೆಯ ವರ್ಷದಲ್ಲಿ, 10 ಮತ್ತು 16ನೆಯ ವರ್ಷಗಳಲ್ಲಿ ಹಾಕುವ ಚುಚ್ಚುಮದ್ದುಗಳಲ್ಲಿ ಧನುರ್ವಾಯುವಿನಿಂದ ರಕ್ಷಣೆಯೂ ಸೇರಿದೆ. ಗರ್ಭಿಣಿಯರಿಗೂ ಇದನ್ನು ಹಾಕುತ್ತಾರೆ. ಹಿಂದೆ ಕುಡುಗೋಲಿನಿಂದ ಹೊಕ್ಕುಳಬಳ್ಳಿ ಕೊಯ್ದು ಬೂದಿಯನ್ನೋ ಸಗಣಿಯನ್ನೋ ಮೆತ್ತಿದಾಗ, ವಾರದ ಕೂಸು ಮೊಲೆ ಚೀಪುವುದನ್ನು ನಿಲ್ಲಿಸಿ, ದವಡೆ ಬಿಗಿದು ಸಾಯುತ್ತಿತ್ತು. ತಾಯಿಗೆ ಹಾಕಿದ ಲಸಿಕೆ ಮತ್ತು ಶುಚಿಯಾದ ಹೆರಿಗೆಗಳ ಫಲವಾಗಿ 2015ರಲ್ಲಿ ಭಾರತವು ಬಾಣಂತಿ ಮತ್ತು ನವಜಾತ ಶಿಶುಗಳ ಧನುರ್ವಾಯುವನ್ನು ತೊಡೆದುಹಾಕಿದ ದೇಶವೆಂದು ಮಾನ್ಯವಾಯಿತು. ಜಿಲ್ಲೆ ಜಿಲ್ಲೆಯಲ್ಲಿಯೂ ಸಾವಿರ ಜನನಕ್ಕೆ ಒಂದಕ್ಕಿಂತ ಕಡಿಮೆ ಎಂಬುದು ಅದರ ಅರ್ಥ. ಮಣ್ಣಿನಲ್ಲಿರುವ ಬೀಜವು ಮಾತ್ರ ಎಲ್ಲಿಯೂ ಹೋಗಿಲ್ಲ. ಬಾಲ್ಯದಲ್ಲಿ ಲಸಿಕೆ ಸಿಕ್ಕದ, ಅಥವಾ ಸಿಕ್ಕಿ ದಶಕಗಳೇ ಕಳೆದ ಹಿರಿಯರು ಇಂದಿಗೂ ಅದಕ್ಕೆ ತುತ್ತಾಗಬಲ್ಲರು.

ಆದುದರಿಂದ ಗಾಯವಾದೊಡನೆ ಧಾರಾಳವಾಗಿ ನೀರು ಹರಿಸಿ, ಸೋಪಿನಿಂದ ತೊಳೆಯಬೇಕು. ಕಾಫಿಪುಡಿ, ಬೂದಿ, ಸಗಣಿ, ಮಣ್ಣು ಯಾವುದನ್ನೂ ಮೆತ್ತಬಾರದು. ಕೊನೆಯ ಚುಚ್ಚುಮದ್ದಾಗಿ ಹತ್ತು ವರ್ಷ ಕಳೆದಿದ್ದರೆ, ಗಾಯ ಕೊಳಕಾಗಿದ್ದಲ್ಲಿ ಐದೇ ವರ್ಷ ಕಳೆದಿದ್ದರೂ, ಮತ್ತೊಂದನ್ನು ಹಾಕಿಸಿಕೊಳ್ಳಬೇಕು. ದವಡೆಯ ಜೊತೆಗೆ ಕತ್ತೂ ಬಿಗಿದರೆ, ನುಂಗಲು ಕಷ್ಟವಾದರೆ, ಲವಂಗ ಹುಡುಕುತ್ತ ಕೂಡದೆ ಆ ಕ್ಷಣವೇ ದೊಡ್ಡ ಆಸ್ಪತ್ರೆಗೆ ಹೊರಡಬೇಕು. ಅಲ್ಲಿ ಪ್ರತಿವಿಷ ಕೊಟ್ಟು, ಗಾಯವನ್ನು ಶುದ್ಧಿಮಾಡಿ, ಸ್ನಾಯುಗಳನ್ನು ಸಡಿಲಿಸುವ ಮದ್ದು ನೀಡಿ, ನಿಶ್ಶಬ್ದವಾದ ಕೋಣೆಯಲ್ಲಿರಿಸಿ, ಬೇಕಾದರೆ ಯಂತ್ರದಿಂದ ಉಸಿರಾಡಿಸುತ್ತಾರೆ. ಈ ರೋಗಕ್ಕೆ ಮನೆಮದ್ದೆಂಬುದೇ ಇಲ್ಲ.

ಅಡಿಕೆಯು ಕಟ್ಟುವ ಬಾಯಿ

ಧನುರ್ವಾಯು ದಿನಗಳಲ್ಲಿ ಮಾಡುವುದನ್ನು ಅಡಿಕೆಯು ವರ್ಷಗಳಲ್ಲಿ ಮಾಡುತ್ತದೆ. ಮೈಸೂರು ಸೀಮೆಯಲ್ಲಿ ವೀಳ್ಯಕ್ಕೆ ಸಲ್ಲುವ ಗೌರವ ಸಣ್ಣದಲ್ಲ. ತಾಂಬೂಲವಿಲ್ಲದೆ ಮದುವೆಯಿಲ್ಲ, ಮುಯ್ಯಿಯಿಲ್ಲ, ಬೀಳ್ಕೊಡುಗೆಯಿಲ್ಲ. ಮೈಸೂರು ಚಿಗುರೆಲೆಯ ಹೆಸರು ದೇಶದಲ್ಲೆಲ್ಲ ಪ್ರಸಿದ್ಧ. ಆದರೆ ಶುಭಕಾರ್ಯದಲ್ಲಿ ಒಮ್ಮೆ ಹಾಕುವ ವೀಳ್ಯ ಬೇರೆ. ದಿನವಿಡೀ ದವಡೆಯ ಸಂದಿಯಲ್ಲಿರಿಸಿಕೊಳ್ಳುವ ಅಡಿಕೆ, ಹೊಗೆಸೊಪ್ಪು, ಗುಟ್ಕಾಗಳು ಬೇರೆ.

1952ರಲ್ಲಿ ಶ್ವಾರ್ಟ್ಜ್ ಎಂಬ ವೈದ್ಯನು ಕೀನ್ಯಾದಲ್ಲಿ ನೆಲೆಸಿದ್ದ ಐವರು ಭಾರತೀಯ ಮಹಿಳೆಯರಲ್ಲಿ ಬಾಯಿ ಬಿಗಿಯುವ ವಿಚಿತ್ರ ವ್ಯಾಧಿಯೊಂದನ್ನು ಕಂಡು ವರ್ಣಿಸಿದನು. ಮರುವರ್ಷ ಭಾರತದ ವೈದ್ಯ ಜೋಷಿಯವರು ಅದೇ ರೋಗವನ್ನು ಇಲ್ಲಿ ಗುರುತಿಸಿದರು. ಬಾಯಿಯ ಒಳಪೊರೆಯ ಕೆಳಗೆ ನಾರು ಬೆಳೆಯುವ ರೋಗವಿದು. ಅಡಿಕೆಯಲ್ಲಿರುವ ಅರೆಕೊಲಿನ್ ಎಂಬ ಸಾರವೂ ತಾಮ್ರದ ಅಂಶವೂ ಈ ನಾರಿನ ಬೆಳವಣಿಗೆಯನ್ನು ಪ್ರಚೋದಿಸುತ್ತವೆ. ಬೆಳೆದ ನಾರು ಕರಗದಂತೆಯೂ ಮಾಡುತ್ತವೆ.

ರೋಗದ ಹೆಜ್ಜೆ ಬಲು ಮೃದು. ಮೊದಲು ಖಾರದ ಸಾರು ನಾಲಗೆಗೆ ತಗುಲಿದರೆ ಉರಿ. ಆಗಾಗ ಬಾಯಿಹುಣ್ಣು, ಬೊಕ್ಕೆ. ಅನಂತರ ಕೆನ್ನೆಯ ಒಳಭಾಗ ಕೆಂಪು ಬಣ್ಣವನ್ನು ಕಳೆದುಕೊಂಡು ಅಮೃತಶಿಲೆಯಂತೆ ಬಿಳಿಚುತ್ತದೆ. ಬೆರಳಿನಿಂದ ಮುಟ್ಟಿದರೆ ಹಗ್ಗದಂತಹ ಪಟ್ಟಿಗಳು ಸಿಗುತ್ತವೆ. ಸಿಳ್ಳೆ ಹಾಕಲಾಗುವುದಿಲ್ಲ; ಕೆನ್ನೆಯುಬ್ಬಿಸಿ ಬುಗ್ಗೆ ಊದಲಾಗುವುದಿಲ್ಲ; ನಾಲಗೆಯನ್ನು ಪೂರ್ತಿ ಹೊರಚಾಚಲಾಗುವುದಿಲ್ಲ. ನೋವಿಲ್ಲದ ಕಾರಣ ಯಾರೂ ಲಕ್ಷ್ಯ ಕೊಡುವುದಿಲ್ಲ. ಮುದ್ದೆಯ ತುತ್ತು ವರ್ಷದಿಂದ ವರ್ಷಕ್ಕೆ ಸಣ್ಣದಾಗುತ್ತಿರುವುದನ್ನು ಮೊದಲು ಗಮನಿಸುವವಳು ಬಡಿಸುವ ಹೆಂಡತಿಯೋ ತಾಯಿಯೋ ಆಗಿರುತ್ತಾಳೆ.

ಇದು ಬರೀ ಬಾಯಿ ಬಿಗಿತದಲ್ಲಿ ಮುಗಿದರೆ ಅಷ್ಟು ಚಿಂತೆಯಿರಲಿಲ್ಲ. ಇಂಥ ಬಾಯಿಯಲ್ಲಿ ಅರ್ಬುದ, ಎಂದರೆ ಕ್ಯಾನ್ಸರ್, ಹುಟ್ಟುವ ಸಂಭವ ಹೆಚ್ಚು. ಕೇರಳದಲ್ಲಿ ಇಂತಹ ರೋಗಿಗಳನ್ನು 17 ವರ್ಷಗಳ ಕಾಲ ಗಮನಿಸಿ 1985ರಲ್ಲಿ ಪ್ರಕಟಿಸಿದ ವರದಿಯಲ್ಲಿ, ನೂರಕ್ಕೆ 7.6ರಷ್ಟು ಮಂದಿಗೆ ಅರ್ಬುದ ಬಂದುದು ದಾಖಲಾಗಿದೆ. ಹೊಗೆಸೊಪ್ಪು ಸೇರಿಸದ ಬರೀ ಅಡಿಕೆಯೂ ಅರ್ಬುದಕಾರಕವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರಲ್ಲಿ ಘೋಷಿಸಿತು. ಕರ್ನಾಟಕದಲ್ಲಿ 2013ರಲ್ಲಿ ಗುಟ್ಕಾ ನಿಷೇಧವಾಯಿತು. ಅಡಿಕೆಪುಡಿಯ ಪೊಟ್ಟಣವನ್ನೂ ಹೊಗೆಸೊಪ್ಪಿನ ಪೊಟ್ಟಣವನ್ನೂ ಬೇರೆ ಬೇರೆಯಾಗಿ ಕೊಂಡು ಅಂಗೈಯಲ್ಲಿ ಬೆರೆಸುವವನನ್ನು ಮಾತ್ರ ಕಾನೂನು ತಡೆಯಲಾರದು.

ಚಿಕಿತ್ಸೆಯ ಮೊದಲ ಹೆಜ್ಜೆ ಅಡಿಕೆಯನ್ನು ಬಿಡುವುದು. ಎರಡನೆಯ ಹೆಜ್ಜೆಯೂ ಅದೇ. ಅದನ್ನು ಬಿಡದವನಿಗೆ ಯಾವ ಮದ್ದೂ ನಾಟದು. ಬಿಟ್ಟವರಿಗೆ ಪೋಷಕಾಂಶದ ಗುಳಿಗೆಗಳು, ಬಿಗಿದ ಪಟ್ಟಿಗಳಿಗೆ ಚುಚ್ಚುಮದ್ದು, ಬಾಯಿಯ ವ್ಯಾಯಾಮ, ತೀರ ಬಿಗಿದಿದ್ದರೆ ಶಸ್ತ್ರಕ್ರಿಯೆ ಎಂಬ ಉಪಾಯಗಳಿವೆ. ಬೆಳೆದ ನಾರು ಪೂರ್ತಿ ಮಾಯವಾಗುವುದಿಲ್ಲ. ಇದ್ದಷ್ಟು ಬಾಯನ್ನು ಉಳಿಸಿಕೊಳ್ಳಬಹುದು, ಸ್ವಲ್ಪಮಟ್ಟಿಗೆ ಹೆಚ್ಚಿಸಿಕೊಳ್ಳಬಹುದು. ಆರು ತಿಂಗಳಿಗೊಮ್ಮೆಯಾದರೂ ದಂತವೈದ್ಯರು ಬಾಯನ್ನು ಪರೀಕ್ಷಿಸಬೇಕು. ಎರಡು ವಾರ ಕಳೆದರೂ ಮಾಯದ ಹುಣ್ಣನ್ನು ಯಾರೂ ಉಪೇಕ್ಷಿಸಬಾರದು.

ಹಲ್ಲಿನಿಂದ ಬರುವ ಬಿಗಿತ

ಹದಿನೇಳರಿಂದ ಇಪ್ಪತ್ತೈದರ ಪ್ರಾಯದವರಲ್ಲಿ ದವಡೆ ಹಿಡಿಯಲು ಸಾಮಾನ್ಯ ಕಾರಣ ಬುದ್ಧಿಹಲ್ಲು. ಕಟ್ಟಕಡೆಗೆ ಹುಟ್ಟುವ ಈ ಹಲ್ಲಿಗೆ ಸ್ಥಳ ಸಾಲದೆ ಅದು ಅರ್ಧಕ್ಕೇ ನಿಲ್ಲುತ್ತದೆ. ಮೇಲೆ ಮುಚ್ಚಿದ ಒಸಡಿನ ಸೆರಗಿನ ಕೆಳಗೆ ಅನ್ನದ ಅಗುಳು ಸಿಕ್ಕಿ ಕೊಳೆತು ಬಾವು ಬರುತ್ತದೆ. ಆ ಬಾವಿನಿಂದ ಪಕ್ಕದ ಸ್ನಾಯು ಕೆರಳಿ ಬಾಯಿ ಬಿಗಿಯುತ್ತದೆ. ಬೆಚ್ಚಗಿನ ಉಪ್ಪುನೀರಿನಿಂದ ಮೇಲಿಂದ ಮೇಲೆ ಬಾಯಿ ಮುಕ್ಕಳಿಸಿದರೆ ಹಿತವಾಗುತ್ತದೆ. ಬುಡದ ಕಾರಣವನ್ನು ತೆಗೆಯಲು ಮಾತ್ರ ದಂತವೈದ್ಯರೇ ಬೇಕು.

ನಂಜನಗೂಡಿಗೂ ಹಲ್ಲಿಗೂ ಹಳೆಯ ನಂಟು. ಬಿ. ವಿ. ಪಂಡಿತರು 1913ರಲ್ಲಿ ಅಲ್ಲಿ ಸ್ಥಾಪಿಸಿದ ಸದ್ವೈದ್ಯಶಾಲೆಯ ಹಲ್ಲುಪುಡಿಯು ಕನ್ನಡನಾಡಿನ ಮನೆಮನೆಗೂ ಊರಿನ ಹೆಸರನ್ನು ಮುಟ್ಟಿಸಿತು. ಹಲ್ಲುಜ್ಜುವ ಅಭ್ಯಾಸ ರೋಗವನ್ನು ತಡೆಯುತ್ತದೆ. ಕೀವುಗಟ್ಟಿದ ಹಲ್ಲನ್ನು ಮಾತ್ರ ಯಾವ ಪುಡಿಯೂ ಗುಣಪಡಿಸಲಾರದು. ಹಲ್ಲುನೋವಿನೊಂದಿಗೆ ಜ್ವರ ಬಂದು, ಗದ್ದದ ಕೆಳಗೆ ಗಟ್ಟಿಯಾಗಿ ಊದಿ, ನಾಲಗೆ ಮೇಲಕ್ಕೆದ್ದು, ಎಂಜಲು ನುಂಗಲಾಗದೆ ಹೋದರೆ ಅದು ಉಸಿರುಗಟ್ಟಿಸುವ ಸ್ಥಿತಿ. ರಾತ್ರಿಯಾಗಿದ್ದರೂ ಬೆಳಗಿನವರೆಗೆ ಕಾಯಬಾರದು.

ಹಲ್ಲು ಕೀಳಿಸಲು ಚುಚ್ಚುಮದ್ದು ಹಾಕಿಸಿಕೊಂಡ ಕೆಲವರಿಗೆ ಎರಡು ಮೂರು ದಿನಗಳ ತರುವಾಯ ಬಾಯಿ ಬಿಗಿಯುವುದುಂಟು. ಸೂಜಿಯಿಂದ ಸ್ನಾಯುವಿಗೆ ಪೆಟ್ಟಾದುದೇ ಇದರ ಕಾರಣ. ಬಿಸಿಶಾಖ ಮತ್ತು ನಿಧಾನವಾದ ವ್ಯಾಯಾಮಗಳಿಂದ ಕೆಲವು ವಾರಗಳಲ್ಲಿ ಇದು ಸರಿಹೋಗುತ್ತದೆ. ಜ್ವರವೂ ಬಾವೂ ಕಾಣಿಸಿಕೊಂಡರೆ ಮಾತ್ರ ವೈದ್ಯರಿಗೆ ತೋರಿಸಬೇಕು.

ಮುಚ್ಚದ ಬಾಯಿ

ಬಾಯಿ ತೆರೆಯದ ಕಷ್ಟ ಒಂದು ಬಗೆಯಾದರೆ ತೆರೆದ ಬಾಯಿ ಮುಚ್ಚದ ಕಷ್ಟ ಇನ್ನೊಂದು ಬಗೆ. ಜೋರಾಗಿ ಆಕಳಿಸಿದಾಗ, ವಾಂತಿಯಾದಾಗ, ಹಲ್ಲು ಕೀಳಿಸುವಾಗ ಬಹಳ ಹೊತ್ತು ಬಾಯಿ ತೆರೆದಾಗ ಕೀಲು ತನ್ನ ಗುಳಿಯನ್ನು ದಾಟಿ ಮುಂದೆ ಹೋಗಿ ಸಿಕ್ಕಿಕೊಳ್ಳುತ್ತದೆ. ಗದ್ದ ಮುಂದಕ್ಕೆ ಚಾಚಿಕೊಂಡು, ಜೊಲ್ಲು ಸುರಿಯುತ್ತ, ಮಾತು ತೊದಲುತ್ತದೆ. ನೋಡುವವರಿಗೆ ನಗೆ ಬಂದರೂ ಅನುಭವಿಸುವವರಿಗೆ ಅದು ಬಲು ದುಃಖಕರ.

ಇದಕ್ಕೆ ಪ್ರಾಚೀನರು ಕಂಡ ಉಪಾಯವನ್ನು ಇಂದಿನ ಶಸ್ತ್ರವೈದ್ಯರೂ ಬಿಟ್ಟಿಲ್ಲ. ಬಾಯಿ ತೆರೆದೇ ನಿಂತರೆ ದವಡೆಗೆ ಶಾಖ ಕೊಟ್ಟು, ಹೆಬ್ಬೆರಳುಗಳಿಂದ ಒತ್ತಿ, ತೋರುಬೆರಳುಗಳಿಂದ ಗದ್ದವನ್ನು ಮೇಲೆತ್ತಬೇಕೆಂದು ಚರಕಸಂಹಿತೆಯಲ್ಲಿ ಹೇಳಿದೆ. ಕೀಲನ್ನು ಕೂಡಿಸಿದ ಮೇಲೆ ಪಂಚಾಂಗಿಯೆಂಬ ಕಟ್ಟು ಹಾಕಬೇಕೆಂದು ಸುಶ್ರುತನ ವಿಧಿ. ಗ್ರೀಸಿನ ಹಿಪೊಕ್ರಟಿಸನ ಹೆಸರಿನಲ್ಲಿ ಬಂದಿರುವ ಗ್ರಂಥದಲ್ಲಿಯೂ ಇದನ್ನೇ ಹೋಲುವ ಕ್ರಮವಿದೆ. ಇಂದೂ ವೈದ್ಯರು ಬಟ್ಟೆ ಸುತ್ತಿದ ಹೆಬ್ಬೆರಳುಗಳನ್ನು ಕೆಳಗಿನ ದವಡೆಹಲ್ಲುಗಳ ಮೇಲಿಟ್ಟು, ಮೊದಲು ಕೆಳಕ್ಕೆ ಒತ್ತಿ, ಅನಂತರ ಹಿಂದಕ್ಕೆ ತಳ್ಳುತ್ತಾರೆ. ಕೀಲು ಒಳಸೇರಿದೊಡನೆ ಬಾಯಿ ಥಟ್ಟನೆ ಮುಚ್ಚುವುದರಿಂದ ಬೆರಳಿಗೆ ಬಟ್ಟೆಯ ರಕ್ಷಣೆ ಬೇಕು. ಅನುಭವವಿಲ್ಲದವರು ಇದಕ್ಕೆ ಕೈಹಾಕಬಾರದು. ಹೊತ್ತು ಕಳೆದಷ್ಟೂ ಸ್ನಾಯು ಸೆಟೆಯುವುದರಿಂದ ಬೇಗನೆ ಆಸ್ಪತ್ರೆಗೆ ಹೋಗುವುದು ಲೇಸು.

ಆಕಳಿಸುವಾಗ ಬಾಯ ಮುಂದೆ ಚಿಟಿಕೆ ಹಾಕುವುದು ಹಿರಿಯರ ಪದ್ಧತಿ. ಒಮ್ಮೆ ಕೀಲು ಜಾರಿದವರು ಆ ಕೈಯನ್ನು ಮುಷ್ಟಿ ಮಾಡಿ ಗದ್ದದ ಕೆಳಗೆ ಆನಿಸಿಕೊಂಡರೆ ಇನ್ನೂ ಒಳ್ಳೆಯದು. ಎರಡು ಮೂರು ವಾರಗಳವರೆಗಾದರೂ ಬಾಯನ್ನು ಅಗಲವಾಗಿ ತೆರೆಯಬಾರದು.

ಬಳಲಿದ ಕೀಲು

ಯಾವ ಬಾವೂ ಪೆಟ್ಟೂ ಇಲ್ಲದೆ ಕೆಲವರಿಗೆ ದವಡೆ ನೋಯುತ್ತದೆ. ಬಾಯಿ ತೆರೆಯುವಾಗ ಕಿವಿಯ ಬಳಿ ‘ಟಕ್’ ಎಂದು ಸದ್ದಾಗುತ್ತದೆ. ಒಂದೊಂದು ದಿನ ಅರ್ಧಕ್ಕೇ ನಿಂತುಬಿಡುತ್ತದೆ. ನಿದ್ದೆಯಲ್ಲಿ ಹಲ್ಲು ಕಡಿಯುವ ಅಭ್ಯಾಸ, ಮನಸ್ಸಿನ ಬೇಗುದಿಯಿಂದ ಹಗಲಿನಲ್ಲಿಯೂ ಹಲ್ಲು ಬಿಗಿಹಿಡಿಯುವುದು, ಒಂದೇ ಕಡೆಯಲ್ಲಿ ಅಗಿಯುವುದು, ಕೀಲಿನ ಬಿಲ್ಲೆ ಸ್ಥಾನ ತಪ್ಪುವುದು ಮುಂತಾದುವು ಇದರ ಕಾರಣಗಳು. ಒಣಗಿದ ಗಟ್ಟಿ ಪದಾರ್ಥಗಳನ್ನು ತಿನ್ನುವುದರಿಂದಲೂ ಪೆಟ್ಟಿನಿಂದಲೂ ದವಡೆಯ ವಾಯು ಕೆರಳುತ್ತದೆಂದು ವಾಗ್ಭಟನು ಹೇಳಿದ್ದಾನೆ.

ಈ ಬಗೆಯ ತೊಂದರೆಗೆ ವಿಶ್ರಾಂತಿಯೇ ಮದ್ದು. ತುಟಿಗಳು ಕೂಡಿರಲಿ, ಹಲ್ಲುಗಳು ಬಿಟ್ಟಿರಲಿ: ಇದು ದವಡೆಯ ಸಹಜ ವಿಶ್ರಾಂತಿಯ ಭಂಗಿ. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಹತ್ತು ಹದಿನೈದು ನಿಮಿಷ, ದಿನಕ್ಕೆ ಮೂರು ನಾಲ್ಕು ಬಾರಿ ಇಡಬಹುದು. ಕಬ್ಬಿನ ಜಲ್ಲೆ ಸಿಗಿಯುವುದು, ಚಕ್ಕುಲಿ, ಕೋಡುಬಳೆ, ಹುರಿಗಾಳುಗಳಿಗೆ ಕೆಲವು ವಾರ ರಜೆ ಕೊಡಬೇಕು. ಗಂಜಿ, ಅಂಬಲಿ, ಹಾಲಿನಲ್ಲಿ ನೆನೆಸಿದ ಇಡ್ಲಿ, ಮೆತ್ತನೆಯ ಅನ್ನಸಾರು ತಕ್ಕ ಆಹಾರ. ಬಾಯಲ್ಲಿಟ್ಟರೆ ಕರಗುವ ನಂಜನಗೂಡು ರಸಬಾಳೆಯಂತೂ ಇಂಥವರಿಗೆಂದೇ ಹುಟ್ಟಿದ ಹಣ್ಣೆನ್ನಬಹುದು. ಬಹುಪಾಲು ಜನರಿಗೆ ಇಷ್ಟರಿಂದಲೇ ಗುಣವಾಗುತ್ತದೆ. ಆಗದವರಿಗೆ ದಂತವೈದ್ಯರು ರಾತ್ರಿ ಹಲ್ಲುಗಳ ನಡುವೆ ಧರಿಸುವ ಅಚ್ಚೊಂದನ್ನು ಮಾಡಿಕೊಡುತ್ತಾರೆ.

ಮಕ್ಕಳು ಗದ್ದ ಹೊಡೆದುಕೊಂಡಾಗ

ಜಗಲಿಯಿಂದಲೋ ತೊಟ್ಟಿಲಿನಿಂದಲೋ ಹುಣಿಸೆಮರದಿಂದಲೋ ಬಿದ್ದ ಮಗುವಿನ ಗದ್ದದಲ್ಲಿ ಗಾಯವಾದರೆ ಹೊಲಿಗೆ ಹಾಕಿಸಿ ಮರೆತುಬಿಡುವುದು ವಾಡಿಕೆ. ಆದರೆ ಗದ್ದಕ್ಕೆ ಬಿದ್ದ ಪೆಟ್ಟು ಕಿವಿಯ ಮುಂದಿನ ಕೀಲಿಗೆ ತಟ್ಟುತ್ತದೆ. ಕೀಲಿನೊಳಗೆ ರಕ್ತ ಹೆಪ್ಪುಗಟ್ಟಿ, ಕಾಲಕ್ರಮದಲ್ಲಿ ಮೂಳೆಗೆ ಮೂಳೆಯೇ ಬೆಸೆದುಕೊಳ್ಳಬಹುದು. ಗುಣವಾಗದೆ ಬಿಟ್ಟ ಕಿವಿಯ ಕೀವಿನಿಂದಲೂ ಹೀಗಾಗುವುದುಂಟು. ಮಗು ಬೆಳೆದರೂ ಕೆಳದವಡೆ ಬೆಳೆಯುವುದಿಲ್ಲ. ಗದ್ದ ಹಿಂದಕ್ಕೆ ಸರಿಯುತ್ತದೆ, ಇಲ್ಲವೆ ಮುಖ ಒಂದು ಕಡೆಗೆ ಓರೆಯಾಗುತ್ತದೆ. ಹಲ್ಲುಜ್ಜಲು ಬಾಯಿ ತೆರೆಯದೆ ಹುಳುಕು ಹೆಚ್ಚುತ್ತದೆ. ರಾತ್ರಿ ನಿದ್ದೆಯಲ್ಲಿ ಉಸಿರು ಕಟ್ಟುವಂತೆ ಗೊರಕೆ ಬರುವುದೂ ಉಂಟು.

ಬೆಸೆದ ಕೀಲನ್ನು ಶಸ್ತ್ರಕ್ರಿಯೆಯಿಂದ ಬಿಡಿಸಬೇಕು. ಬಿಡಿಸಿದ ಮೇಲೂ ತಿಂಗಳುಗಟ್ಟಲೆ ದಿನಾಲು ಬಾಯಿಯ ವ್ಯಾಯಾಮ ಮಾಡಿಸದಿದ್ದರೆ ಅದು ಮತ್ತೆ ಬೆಸೆದುಕೊಳ್ಳುತ್ತದೆ. ಮಗು ಅಳುತ್ತದೆಯೆಂದು ತಾಯಿ ಕರಗಿದರೆ ವೈದ್ಯರ ಶ್ರಮವೆಲ್ಲ ವ್ಯರ್ಥ. ಗದ್ದಕ್ಕೆ ಪೆಟ್ಟು ಬಿದ್ದ ಮಗುವಿನ ಬಾಯಿ ತೆರೆಯುವ ಅಳತೆಯನ್ನು, ಮಗುವಿನ ಬೆರಳಿನಿಂದಲೇ, ಕೆಲವು ತಿಂಗಳು ನೋಡುತ್ತಿರುವುದು ಅದಕ್ಕಿಂತ ಎಷ್ಟೋ ಸುಲಭ.

ಬಲವಂತ ಬೇಡ

ಮೂರ್ಛೆರೋಗದಲ್ಲಿ ಹಲ್ಲು ಕಚ್ಚಿಕೊಂಡಾಗ ಚಮಚವನ್ನೋ ಕಬ್ಬಿಣವನ್ನೋ ತುರುಕಿ ಬಾಯಿ ಬಿಡಿಸಲು ಜನ ಮುಂದಾಗುತ್ತಾರೆ. ಇದರಿಂದ ಹಲ್ಲು ಮುರಿದು ಉಸಿರುದಾರಿಗೆ ಬೀಳಬಹುದು, ದವಡೆಯೇ ಮುರಿಯಬಹುದು. ರೋಗಿಯನ್ನು ಮಗ್ಗುಲಿಗೆ ಮಲಗಿಸಿ, ಉಡುಪು ಸಡಿಲಿಸಿದರೆ ಸಾಕು. ಸೆಳೆತ ನಿಂತೊಡನೆ ದವಡೆಯೂ ಸಡಿಲವಾಗುತ್ತದೆ. ಐದು ನಿಮಿಷವಾದರೂ ಸೆಳೆತ ನಿಲ್ಲದಿದ್ದರೆ ಆಸ್ಪತ್ರೆಗೆ ಒಯ್ಯಬೇಕು. ವಾಂತಿ ನಿಲ್ಲಿಸಲು ಕೊಡುವ ಕೆಲವು ಮದ್ದುಗಳಿಂದಲೂ ಒಮ್ಮೊಮ್ಮೆ ದವಡೆ, ಕತ್ತು ಸೆಟೆಯುತ್ತವೆ. ವೈದ್ಯರಿಗೆ ಆ ಮದ್ದಿನ ಹೆಸರು ತಿಳಿಸಿದರೆ ಒಂದೇ ಚುಚ್ಚುಮದ್ದಿನಿಂದ ಬೇಗನೆ ಇಳಿಯುತ್ತದೆ.

ಹಳೆಯ ಬಿಗಿತಕ್ಕೆ ವೈದ್ಯರು ವ್ಯಾಯಾಮ ಹೇಳಿದ್ದಾದರೆ, ಅದನ್ನು ತಾಳ್ಮೆಯಿಂದ ಮಾಡಬೇಕು. ಚಪ್ಪಟೆಯಾದ ನುಣುಪು ಮರದ ಕಡ್ಡಿಗಳನ್ನು ಒಂದರ ಮೇಲೊಂದು ಜೋಡಿಸಿ, ಹಿಡಿಸುವಷ್ಟನ್ನು ಹಲ್ಲುಗಳ ನಡುವೆ ಇರಿಸಿಕೊಂಡು, ಕೆಲವು ದಿನಗಳಿಗೊಮ್ಮೆ ಒಂದೊಂದು ಕಡ್ಡಿ ಸೇರಿಸುತ್ತ ಹೋಗುವುದು ಸರಳವಾದ ಉಪಾಯ. ಕಡ್ಡಿಗಳ ಎಣಿಕೆಯೇ ಗುಣದ ಅಳತೆ. ಬಾವು, ಕೀವು, ಜ್ವರಗಳಿರುವಾಗ ಮಾತ್ರ ಇದನ್ನು ಮಾಡಕೂಡದು.

ನಂಜನಗೂಡಿನಲ್ಲಿಯೂ ನರಸೀಪುರದಲ್ಲಿಯೂ ಸರ್ಕಾರಿ ಆಸ್ಪತ್ರೆಗಳಿವೆ. ಮೈಸೂರಿನ ಕೃಷ್ಣರಾಜೇಂದ್ರ ಆಸ್ಪತ್ರೆಯೂ ಅಲ್ಲಿನ ದಂತವೈದ್ಯ ಕಾಲೇಜುಗಳೂ ಎರಡು ಊರುಗಳಿಗೂ ಗಂಟೆಯೊಂದರ ದಾರಿಯಲ್ಲಿವೆ. 108ಕ್ಕೆ ಕರೆ ಮಾಡಿದರೆ ತುರ್ತುವಾಹನ ಬರುತ್ತದೆ. ದಾರಿ ದೂರವಿಲ್ಲ, ದೂರವಾಗುವುದು ‘ನಾಳೆ ನೋಡೋಣ’ ಎಂಬ ಮಾತಿನಿಂದ. ಹರಕೆ ಹೊರುವವರು ಹೊರಲಿ, ನಂಜುಂಡನಿಗೆ ಕೈಮುಗಿಯುವವರು ಮುಗಿಯಲಿ. ಅದರೊಂದಿಗೆ ಇಂದು ರಾತ್ರಿಯ ಊಟಕ್ಕೆ ಮೊದಲು ಮನೆಮಂದಿಯೆಲ್ಲ ತಮ್ಮ ತಮ್ಮ ಮೂರು ಬೆರಳುಗಳನ್ನು ಜೋಡಿಸಿ ಒಮ್ಮೆ ಅಳೆದು ನೋಡಲಿ. ಅಜ್ಜನಿಗೆ ಎರಡೇ ಬೆರಳು ಹಿಡಿಸಿದರೆ ಅವನ ಅಡಿಕೆಯ ಚೀಲವನ್ನು ವಿಚಾರಿಸಲಿ. ಗದ್ದೆಗಿಳಿಯುವ ಮಗನು ಧನುರ್ವಾಯುವಿನ ಚುಚ್ಚುಮದ್ದು ಹಾಕಿಸಿಕೊಂಡು ಎಷ್ಟು ವರ್ಷವಾಯಿತೆಂದು ಕೇಳಲಿ. ಉತ್ತರ ಯಾರಿಗೂ ನೆನಪಿಲ್ಲದಿದ್ದರೆ ನಾಳೆ ಬೆಳಗ್ಗೆಯೇ ಆಸ್ಪತ್ರೆಗೆ ಹೋಗಿ ಹಾಕಿಸಿಕೊಳ್ಳುವುದು ಮೇಲು.